40 ಲೀಟರ್ ತೊಟ್ಟಿಗೆ ಜೋಡಿ ಸ್ಪಾಂಜ್ ಫಿಲ್ಟರ್: ಎಂಟು ತಿಂಗಳ ಬಳಕೆಯ ನಂತರ

45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ, ಮೀನು ಸಾಕುವ ಗಾಜಿನ ತೊಟ್ಟಿಯನ್ನು 40 ಲೀಟರ್ ತೊಟ್ಟಿ ಎಂದು ಮಾರುತ್ತಾರಾದರೂ ಜಲ್ಲಿ, ಗಿಡ, ಮರದ ತುಂಡುಗಳನ್ನು ಇಟ್ಟು ಅಂಚಿನಲ್ಲಿ ನಾಲ್ಕು ಬೆರಳು ಬಿಟ್ಟ ಮೇಲೆ ಅದರಲ್ಲಿ ನಿಲ್ಲುವ ನೀರು 30 ಲೀಟರಿನ ಆಸುಪಾಸು ಮಾತ್ರ. ಇಷ್ಟು ಕಡಿಮೆ ನೀರಿನಲ್ಲಿ ಒಂದು ಚಿಟಿಕೆ ಮೇವು ಹೆಚ್ಚಾಗಿ ಕೊಳೆತರೂ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಇಂಥ ತೊಟ್ಟಿಯೊಂದನ್ನು ಏರ್ ಪಂಪಿನಿಂದ ನಡೆಯುವ ಜೋಡಿ ಸ್ಪಾಂಜ್ ಫಿಲ್ಟರಿನ ಬಲದ ಮೇಲೆಯೇ ಎಂಟು ತಿಂಗಳಿಂದ ನಡೆಸುತ್ತಿದ್ದೇನೆ.

ಇದರ ರಚನೆ ಬಹಳ ಸರಳ. ಎರಡು ಸ್ಪಾಂಜ್‌ಗಳನ್ನು ಜೋಡಿಸಿದ ಕೊಳವೆಯೊಳಗೆ ಮೇಲೇರುವ ಗುಳ್ಳೆಗಳು ತಮ್ಮೊಂದಿಗೆ ನೀರನ್ನೂ ಎತ್ತುವುದರಿಂದ ತೊಟ್ಟಿಯ ನೀರು ಸ್ಪಾಂಜಿನ ಮೂಲಕವೇ ಒಳಗೆ ಬರಬೇಕಾಗುತ್ತದೆ. ಸ್ಪಾಂಜಿನ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಸ್ಪಾಂಜು ಕಸ ಹಿಡಿಯುವುದು ಎರಡನೆಯ ಕೆಲಸ. ಮೊದಲನೆಯದು ಈ ಜೀವಿಗಳಿಗೆ ಜಾಗ ಕೊಡುವುದು. ನನ್ನ ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಒಂದು ಮೀನನ್ನೂ ಬಿಡಲಿಲ್ಲ.

ಮೂರನೆಯ ತಿಂಗಳಲ್ಲಿ ಎರಡೂ ಸ್ಪಾಂಜ್‌ಗಳನ್ನು ಒಂದೇ ದಿನ ನಲ್ಲಿಯ ಕೆಳಗೆ ಹಿಂಡಿ ತೊಳೆದೆ. ಕ್ಲೋರಿನ್ ಬೆರೆತ ನೀರು ಬ್ಯಾಕ್ಟೀರಿಯಾಗಳನ್ನು ಕೊಂದುಹಾಕಿತು: ಎರಡು ದಿನಗಳಲ್ಲಿ ಅಮೋನಿಯಾ ಮತ್ತೆ ಕಾಣಿಸಿಕೊಂಡು ನಾಲ್ಕು ಸೀಗಡಿಗಳು ಸತ್ತವು. ಅಂದಿನಿಂದ ನೀರು ಬದಲಿಸುವಾಗ ತೆಗೆದ ತೊಟ್ಟಿಯ ನೀರಿನಲ್ಲೇ ಒಂದು ವಾರ ಒಂದನ್ನು, ಹದಿನೈದು ದಿನ ಬಿಟ್ಟು ಇನ್ನೊಂದನ್ನು ಅದ್ದಿ ಹಿಂಡುತ್ತೇನೆ. ಒಂಟಿ ಸ್ಪಾಂಜಿಗಿಂತ ಜೋಡಿಯನ್ನು ಕೊಳ್ಳಿರೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಫಿಲ್ಟರ್ ನೈಟ್ರೇಟನ್ನು ತೆಗೆಯುವುದಿಲ್ಲ. ಅದು ಗಿಡಗಳ ಪಾಲು. ತೊಟ್ಟಿಯ ಹಿಂಬದಿಯಲ್ಲಿ ವ್ಯಾಲಿಸ್ನೇರಿಯಾ ನೆಟ್ಟಿದ್ದೇನೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳ ಅಡ್ಡಕಾಂಡವನ್ನು ಹೂಳಿದರೆ ಕೊಳೆಯುತ್ತದೆಯಾದ್ದರಿಂದ ಅವನ್ನು ಮರದ ತುಂಡಿಗೆ ದಾರದಿಂದ ಕಟ್ಟಿದ್ದೇನೆ. ತಳಕ್ಕೆ ಎರಡು ಮೂರು ಮಿಲಿಮೀಟರ್ ಗಾತ್ರದ ಸಾದಾ ಜಲ್ಲಿ, ವ್ಯಾಲಿಸ್ನೇರಿಯಾದ ಬುಡದಲ್ಲಿ ಬೇರಿನ ಗೊಬ್ಬರದ ಗುಳಿಗೆ, ಇಷ್ಟೇ ಸಾಕಾಯಿತು. ಜಲ್ಲಿಯ ಬದಲು ತಳಕ್ಕೆ ಹಾಕಲು ಮಾರುವ ಪೋಷಕಾಂಶಭರಿತ ಮಣ್ಣು, ಅಂದರೆ ಅಕ್ವಾ ಸಾಯಿಲ್, ಗಿಡಗಳಿಗೆ ಒಳ್ಳೆಯದೇ, ಆದರೆ ಅದರಲ್ಲಿ ಹಲವು ಬಗೆಗಳು ಮೊದಲ ವಾರಗಳಲ್ಲಿ ತಾವೇ ಅಮೋನಿಯಾ ಬಿಡುತ್ತವೆ. ಗಡಸಾದ ಬೋರ್‌ವೆಲ್ ನೀರು ಬಳಸುವವರ ಮನೆಯಲ್ಲಿ ಅವುಗಳ ಪಿಎಚ್ ಇಳಿಸುವ ಶಕ್ತಿಯೂ ಬೇಗ ಮುಗಿಯುತ್ತದೆ.

ಕೊರತೆಗಳೂ ಇವೆ. ನೀರಿನಲ್ಲಿ ತೇಲುವ ಅತಿ ಸಣ್ಣ ಧೂಳನ್ನು ಇದು ಪೂರ್ತಿ ಹಿಡಿಯುವುದಿಲ್ಲ, ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲುಗಳು ಆರು ತಿಂಗಳಲ್ಲಿ ಗಟ್ಟಿಯಾಗಿ ಕಳಚಿಕೊಂಡವು, ಪಂಪಿನ ಗುಂಯ್‌ಗುಡುವಿಕೆ ಮಲಗುವ ಕೋಣೆಯಲ್ಲಿ ಕೇಳುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಿಡ ಬೆಳೆಸುವವರಿಗೆ ಇದು ಹೊಂದದು. ಗುಳ್ಳೆಗಳ ಕದಡಿಕೆಯಿಂದ ಆ ಅನಿಲ ಬೇಗ ಹೊರಹೋಗುತ್ತದೆ. ಹೆಚ್ಚು ಕಸ ಮಾಡುವ ಗೋಲ್ಡ್‌ಫಿಶ್‌ಗೂ ಇದು ಸಾಲದು. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗದಂತೆ ಚೆಕ್ ವಾಲ್ವ್ ಹಾಕುವುದು ಕಡ್ಡಾಯ. ಆದರೆ ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ಆಗುವಂತೆ ಇಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಬೇಗ ಸೊರಗುವುದಿಲ್ಲ, ಏಕೆಂದರೆ ಸ್ಪಾಂಜು ತೊಟ್ಟಿಯ ನೀರಿನಲ್ಲೇ ಇರುತ್ತದೆ. ಮೂರು ಗಂಟೆ ಕರೆಂಟ್ ಇಲ್ಲದ ದಿನವೂ ನನ್ನ ಮೀನುಗಳಿಗೆ ತೊಂದರೆಯಾಗಲಿಲ್ಲ.

ಈಗ ಎರಡನೆಯ ತೊಟ್ಟಿಗಾಗಿ ಇದೇ ಬಗೆಯ ಇನ್ನೊಂದನ್ನು ಕೊಂಡಿದ್ದು, ಅದರ ಸ್ಪಾಂಜ್‌ಗಳನ್ನು ಕಳೆದ ತಿಂಗಳಿಂದ ಈ ಹಳೆಯ ತೊಟ್ಟಿಯಲ್ಲೇ ನಡೆಸಿ, ಬ್ಯಾಕ್ಟೀರಿಯಾಗಳು ನೆಲೆಸುವಂತೆ ಪಳಗಿಸುತ್ತಿದ್ದೇನೆ.