ಎಸ್‌ಎಂಎಸ್ ಒಟಿಪಿ, ಆ್ಯಪ್, ಸೆಕ್ಯುರಿಟಿ ಕೀ: ಮೂರನ್ನೂ ಬಳಸಿ ನೋಡಿದ ಮೇಲೆ

ಬರೀ ಪಾಸ್‌ವರ್ಡ್ ನಂಬಿ ಕೂರುವ ಕಾಲ ಇದಲ್ಲ ಎಂಬುದರಲ್ಲಿ ತಕರಾರಿಲ್ಲ. ಅದರ ಜೊತೆಗೆ ಇನ್ನೇನು ಬೇಕು ಎಂಬ ವಿಷಯದಲ್ಲಿ ಮಾತ್ರ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ.

ಎಸ್‌ಎಂಎಸ್ ಒಟಿಪಿಗೆ ಏನನ್ನೂ ಅಳವಡಿಸಿಕೊಳ್ಳಬೇಕಿಲ್ಲ, ಅದರ ಹೆಚ್ಚುಗಾರಿಕೆ ಅಷ್ಟೇ. ಸಿಗ್ನಲ್ ಸರಿಯಿಲ್ಲದ ಕಡೆ ‘ಮತ್ತೆ ಕಳುಹಿಸಿ’ ಒತ್ತುತ್ತಲೇ ಇರಬೇಕು. ಕೊನೆಗೆ ಬಂದು ತಲುಪುವುದು ಅವಧಿ ಮೀರಿದ ಹಳೆಯ ಸಂಖ್ಯೆ. ನಿಮ್ಮ ಹೆಸರು ಹೇಳಿ ಯಾರಾದರೂ ಬದಲಿ ಸಿಮ್ ಪಡೆದರಂತೂ ಒಟಿಪಿ ನೇರವಾಗಿ ಅವರ ಕೈಗೇ ಹೋಗುತ್ತದೆ.

ಅಥೆಂಟಿಕೇಟರ್ ಆ್ಯಪ್‌ಗೆ ಸಿಗ್ನಲ್ಲಿನ ಹಂಗಿಲ್ಲ. ತಾಣ ತೋರಿಸುವ ಕ್ಯುಆರ್ ಕೋಡ್ ಅನ್ನು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಕೀಲಿ ಫೋನಿನಲ್ಲಿ ಉಳಿಯುತ್ತದೆ. ಅದನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ, ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆರಂಕಿಯ ಹೊಸ ಕೋಡ್ ತೋರಿಸುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ನೋಡಿದೆ, ಕೋಡ್ ಬರುತ್ತಲೇ ಇತ್ತು. ಬೇಕೆಂದೇ ಫೋನಿನ ಗಡಿಯಾರವನ್ನು ಹಿಂದಕ್ಕಿಟ್ಟಾಗ ಮಾತ್ರ ಒಂದು ಕೋಡೂ ಒಪ್ಪಿಗೆಯಾಗಲಿಲ್ಲ. ಹೊಸ ಫೋನ್ ಕೊಂಡವರು ಹಳೆಯದನ್ನು ಅಳಿಸುವ ಮುನ್ನ ಆ್ಯಪ್‌ನ ಖಾತೆಗಳನ್ನು ವರ್ಗಾಯಿಸಿಕೊಳ್ಳಬೇಕು, ಇಲ್ಲವೇ ಆ್ಯಪ್ ಕೈಕೊಟ್ಟಾಗ ಬಳಸಲೆಂದು ತಾಣ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟಿರಬೇಕು.

ಆದರೆ ಈ ಎರಡಕ್ಕೂ ಒಂದೇ ಕಾಯಿಲೆ. ಅಸಲಿಯಂತೆಯೇ ಕಾಣುವ ನಕಲಿ ಪುಟದಲ್ಲಿ ನೀವು ಕೋಡ್ ತುಂಬಿದಿರೋ, ವಂಚಕ ಅದನ್ನು ಆ ಕ್ಷಣವೇ ಅಸಲಿ ತಾಣದಲ್ಲಿ ಹಾಕಿ ಒಳಹೊಕ್ಕಿರುತ್ತಾನೆ. ಯುಎಸ್‌ಬಿಗೆ ಸಿಕ್ಕಿಸಿ ಬೆರಳು ಮುಟ್ಟಿಸುವ ಸೆಕ್ಯುರಿಟಿ ಕೀ ಗೆಲ್ಲುವುದು ಇಲ್ಲಿಯೇ. ಅದು ನೋಂದಣಿಯಾದ ತಾಣದ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ. ವಿಳಾಸದಲ್ಲಿ ಒಂದಕ್ಷರ ಬದಲಾಗಿದ್ದು ನನ್ನ ಕಣ್ಣಿಗೆ ಬೀಳದಿದ್ದರೂ ಕೀ ಮೋಸಹೋಗುವುದಿಲ್ಲ. 2017ರಲ್ಲಿ ಕೀ ಕಡ್ಡಾಯ ಮಾಡಿದ ಮೇಲೆ 85,000ಕ್ಕೂ ಹೆಚ್ಚು ಉದ್ಯೋಗಿಗಳಲ್ಲಿ ಯಾರ ಕಚೇರಿ ಖಾತೆಯೂ ಫಿಶಿಂಗ್‌ಗೆ, ಅಂದರೆ ಇಂಥ ನಕಲಿ ಪುಟದ ವಂಚನೆಗೆ, ಬಲಿಯಾಗಿಲ್ಲ ಎಂದು ಗೂಗಲ್ ಮರುವರ್ಷ ಹೇಳಿತ್ತು. ಖರ್ಚು ಮಾತ್ರ ಇದೆ: ಒಂದು ಕಳೆದುಹೋದರೆ ಬೇಕೆಂದು ಎರಡು ಕೊಳ್ಳಬೇಕು. ಎಲ್ಲ ತಾಣಗಳೂ ಇದನ್ನು ಒಪ್ಪುವುದೂ ಇಲ್ಲ. ಫೋನಿನಲ್ಲೇ ಇದ್ದು, ಬೆರಳಚ್ಚು ಇಲ್ಲವೇ ಪಿನ್ ಕೊಟ್ಟು ಲಾಗಿನ್ ಆಗಲು ಬಳಸುವ ಪಾಸ್‌ಕೀ ಇದೇ ತತ್ತ್ವದ್ದು, ಅದಕ್ಕೆ ಖರ್ಚಿಲ್ಲ.

ಸದ್ಯ ನನ್ನ ಇಮೇಲ್‌ಗೆ ಕೀ, ಉಳಿದವಕ್ಕೆ ಆ್ಯಪ್. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಬರುವುದು ಇಮೇಲ್‌ಗೇ ತಾನೆ? ಎಸ್‌ಎಂಎಸ್ ಬಿಟ್ಟರೆ ಗತಿಯಿಲ್ಲ ಎನ್ನುವ ತಾಣಗಳಲ್ಲಿ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಕೀ ಸೇರಿಸಿದ ಮೇಲೂ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಎಸ್ ಬದಲಿ ದಾರಿಯಾಗಿ ಉಳಿದಿರಬಹುದು, ವಂಚಕ ಆರಿಸಿಕೊಳ್ಳುವುದು ಅದನ್ನೇ. ಇಮೇಲ್ ಖಾತೆಯಿಂದ ಅದನ್ನು ತೆಗೆದುಹಾಕಿದೆ.