ಅಡಿಕೆ ಬೇರುಹುಳಕ್ಕೆ ಇಪಿಎನ್ ಪುಡಿ: ಜೀವ ಇದ್ದರೆ ಮಾತ್ರ ಕೊಳ್ಳಿ

ಅಡಿಕೆಯ ಬೇರು ತಿನ್ನುವ ಗೊಣ್ಣೆಹುಳಕ್ಕೆಂದು, ಅಂದರೆ ದುಂಬಿಯ ಮರಿಗೆಂದು, ಮಾರುವ ಇಪಿಎನ್ (ಕೀಟಕ್ಕೆ ರೋಗ ತರುವ ಜಂತು) ಪುಡಿಯ ವಿಮರ್ಶೆ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಈ ಪುಡಿಯಲ್ಲಿರುವುದು ವಿಷವಲ್ಲ, ಹೆಟೆರೋರ‍್ಯಾಬ್ಡಿಟಿಸ್ ಇಂಡಿಕಾ ಎಂಬ ಜಂತು. ಉದ್ದ ಸುಮಾರು ಅರ್ಧ ಮಿಲಿಮೀಟರ್. ಅದರ ಕರುಳಿನೊಳಗೆ ಫೋಟೋರ‍್ಯಾಬ್ಡಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಪುಡಿಯ ರೂಪಕ್ಕೆ ತಂದು, ತಂತ್ರಜ್ಞಾನವನ್ನು ಹಲವು ತಯಾರಕರಿಗೆ ಕೊಟ್ಟಿದೆ. ಸರಕು ಒಳ್ಳೆಯದೇ. ಅದನ್ನು ಗೊಬ್ಬರದ ಚೀಲದಂತೆ ಇಡುವುದು, ಕೀಟನಾಶಕದಂತೆ ಹೊಡೆಯುವುದು, ಇವೇ ಅದನ್ನು ಕೆಡಿಸುತ್ತಿರುವುದು.

ಏಕೆಂದು ತಿಳಿಯಬೇಕಾದರೆ ಗೊಣ್ಣೆಹುಳದ ಮೈಯೊಳಗೆ ಇಣುಕಬೇಕು. ಕೀಟಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ, ಹಾಗೆಂದು ಅವು ನಿರಾಯುಧವೂ ಅಲ್ಲ. ಹೊರಗಿನ ಜೀವಿ ರಕ್ತಕ್ಕೆ ಬಿದ್ದೊಡನೆ, ಅದು ಚಿಕ್ಕದಾಗಿದ್ದರೆ ರಕ್ತಕೋಶಗಳು ನುಂಗುತ್ತವೆ, ದೊಡ್ಡದಾಗಿದ್ದರೆ ಸುತ್ತ ಮುತ್ತಿ ಗೂಡು ಕಟ್ಟುತ್ತವೆ. ಫೀನಾಲ್‌ಆಕ್ಸಿಡೇಸ್ ಎಂಬ ಕಿಣ್ವ ಆ ಗೂಡನ್ನು ಕಪ್ಪಾಗಿಸಿ ಒಳಗಿನದ್ದನ್ನು ಕೊಲ್ಲುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಇನ್ನೊಂದು ಕಡೆ ಕೊಬ್ಬಿನ ಅಂಗ ಸೆಕ್ರೋಪಿನ್, ಅಟಾಸಿನ್‌ನಂಥ ಸೂಕ್ಷ್ಮಾಣುನಾಶಕ ಪೆಪ್ಟೈಡುಗಳನ್ನು (ಪುಟ್ಟ ಪ್ರೋಟೀನುಗಳನ್ನು) ರಕ್ತಕ್ಕೆ ಸುರಿಯುತ್ತದೆ. ಈ ಪೆಪ್ಟೈಡು ತಯಾರಿಗೆ ಕರೆ ಕೊಡುವ ದಾರಿಗಳಲ್ಲೊಂದಾದ ಟೋಲ್ ಅನ್ನು 1996ರಲ್ಲಿ ಹಣ್ಣುನೊಣದಲ್ಲಿ ತೋರಿಸಿದ ವಿಜ್ಞಾನಿ ಜೂಲ್ಸ್ ಹಾಫ್ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು.

ಜಂತು ಮತ್ತು ಬ್ಯಾಕ್ಟೀರಿಯಾ ಜೊತೆಗೂಡಿ ಮುರಿಯುವುದು ಈ ರಕ್ಷಣೆಯನ್ನೇ. ಜಂತು ಹುಳದ ಬಾಯಿಂದಲೋ ಗುದದಿಂದಲೋ ಒಳಹೊಗುತ್ತದೆ, ಇಲ್ಲವೇ ಉಂಗುರಗಳ ನಡುವಿನ ಮೆತ್ತನೆ ಚರ್ಮವನ್ನು ತನ್ನ ಹಲ್ಲಿನಿಂದ ಗೀರಿ ನುಸುಳುತ್ತದೆ. ರಕ್ತ ಸಿಕ್ಕಿದ ಮೇಲೆ ಬ್ಯಾಕ್ಟೀರಿಯಾವನ್ನು ಕಕ್ಕುತ್ತದೆ. ಫೋಟೋರ‍್ಯಾಬ್ಡಸ್ ಸ್ಟಿಲ್ಬೀನ್ ಎಂಬ ವಸ್ತುವಿನಿಂದ ಆ ಕಪ್ಪಾಗಿಸುವ ಕಿಣ್ವವನ್ನು ತಡೆಯುತ್ತದೆ, ತನ್ನ ವಿಷಗಳಿಂದ ರಕ್ತಕೋಶಗಳನ್ನು ಕೊಲ್ಲುತ್ತದೆ. ಗೊಣ್ಣೆಹುಳದ ಹಿಂಗರುಳಿನಲ್ಲಿ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟು ಬದುಕುತ್ತವೆ, ಹುಳಕ್ಕೆ ಅವುಗಳಿಂದ ಲಾಭವೇ. ಆದರೆ ನೇರ ರಕ್ತಕ್ಕೆ ಬಿದ್ದ ಕೆಲವೇ ಫೋಟೋರ‍್ಯಾಬ್ಡಸ್ ಕೋಶಗಳು ಅದೇ ಹುಳವನ್ನು ಕೆಡವಬಲ್ಲವು. ಸತ್ತ ಹುಳ ಇಟ್ಟಿಗೆಗೆಂಪಾಗುತ್ತದೆ, ಕೊಳೆಯುವುದಿಲ್ಲ. ಬ್ಯಾಕ್ಟೀರಿಯಾ ಮಾಡುವ ಆ್ಯಂಟಿಬಯೋಟಿಕ್‌ಗಳು ಬೇರೆ ಸೂಕ್ಷ್ಮಾಣುಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ಹೆಣದೊಳಗೇ ಜಂತು ಪೀಳಿಗೆ ಬೆಳೆಸಿ, ಎರಡು ವಾರದ ಹೊತ್ತಿಗೆ ಹೊಸ ಮರಿಗಳು ಮಣ್ಣಿಗಿಳಿಯುತ್ತವೆ.

ಗೊಣ್ಣೆಹುಳ ಸುಲಭದ ಬೇಟೆಯಲ್ಲ. ಅದರ ಉಸಿರುರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ. ಮೈಗೆ ಹತ್ತಿದ ಜಂತುವನ್ನು ಕಾಲು, ಬಾಯಿಯಿಂದ ಉಜ್ಜಿ ತೆಗೆಯುತ್ತದೆ. ಪದೇಪದೇ ಹಿಕ್ಕೆ ಹಾಕಿ ಕರುಳಿಗೆ ಬಂದದ್ದನ್ನು ಹೊರದೂಡುತ್ತದೆ. ಬಲಿತಷ್ಟೂ ಈ ತಡೆಗಳು ಗಟ್ಟಿ. ಆದ್ದರಿಂದ ಮೊದಲ ಮಳೆಗೆ ಮುಸ್ಸಂಜೆ ದುಂಬಿಗಳು ಹಾರಿ, ಮೊಟ್ಟೆಯೊಡೆದ ಮರಿಗಳು ಸಣ್ಣವಿರುವಾಗಲೇ ಹಾಕಬೇಕು. ಹೆಬ್ಬೆರಳು ಗಾತ್ರದ ಹುಳ ಕಂಡ ಮೇಲೆ ಹಾಕಿ ಪುಡಿಯನ್ನು ಬೈದರೆ ಪುಡಿಯ ತಪ್ಪಲ್ಲ.

ಪೊಟ್ಟಣದ ಮೇಲೆ ನೋಡಬೇಕಾದದ್ದು ಮೂರು: ತಯಾರಾದ ದಿನ, ಗ್ರಾಂಗೆ ಎಷ್ಟು ಜೀವಂತ ಜಂತು, ಯಾವ ಉಷ್ಣತೆಯಲ್ಲಿ ಇಡಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಬೇಡ. ತಗಡಿನ ಮಾಡಿನ ಕೆಳಗೆ ಯೂರಿಯಾ ಚೀಲದ ಮೇಲೆ ಕುಳಿತ ಪೊಟ್ಟಣವನ್ನು ಬಿಟ್ಟೇಬಿಡಿ. ಹಾಗೆಂದು ಫ್ರಿಜ್‌ನಲ್ಲಿಡುವುದೂ ಸರಿಯಲ್ಲ. ಇದು ಉಷ್ಣವಲಯದ ಜಂತು, ನಾಲ್ಕೈದು ಡಿಗ್ರಿಯ ತಂಪನ್ನು ತಾಳದು. ಮನೆಯ ತಂಪು ಮೂಲೆಯಲ್ಲಿಟ್ಟು ಬೇಗ ಬಳಸಿ.

ಜೀವವಿದೆಯೇ ಎಂದು ನೋಡಲು ಚಿಟಿಕೆ ಪುಡಿಯನ್ನು ಕಪ್ಪು ತಟ್ಟೆಯ ನೀರಿಗೆ ಹಾಕಿ, ಒಂದೆರಡು ತಾಸು ಬಿಟ್ಟು ಬ್ಯಾಟರಿ ಬೆಳಕಿನಲ್ಲಿ ಭೂತಗನ್ನಡಿ ಹಿಡಿಯಿರಿ. ಬದುಕಿದ್ದವು ಹಾವಿನಂತೆ ಹೊರಳುತ್ತವೆ, ಸತ್ತವು ಸೂಜಿಯಂತೆ ನೆಟ್ಟಗೆ ಬಿದ್ದಿರುತ್ತವೆ. ಅರ್ಧಕ್ಕರ್ಧ ನೆಟ್ಟಗಿದ್ದರೆ ಅಂಗಡಿಗೆ ವಾಪಸ್. ಇನ್ನೂ ಖಾತ್ರಿ ಬೇಕಿದ್ದರೆ ಜೇನುಪೆಟ್ಟಿಗೆಯ ಹಳೇ ಎರಿಯಲ್ಲಿ ಮೇಣದ ಹುಳ ಸಿಗುತ್ತದಲ್ಲ, ಐದನ್ನು ಒದ್ದೆ ಕಾಗದದ ಮೇಲೆ ಚಿಟಿಕೆ ಪುಡಿಯೊಂದಿಗೆ ಡಬ್ಬಿಯಲ್ಲಿಡಿ. ಎರಡು ಮೂರು ದಿನದಲ್ಲಿ ಸತ್ತು ಕೆಂಪಾದರೆ ಸರಕು ಗಟ್ಟಿ. ಕಪ್ಪಾಗಿ ನಾರಿದರೆ ಕೊಂದದ್ದು ಬೇರೇನೋ.

ಹೆಕ್ಟೇರಿಗೆ 250 ಕೋಟಿ ಜಂತು ಎಂಬುದು ಸಾಮಾನ್ಯ ಪ್ರಮಾಣ. 2.7 ಮೀಟರ್ ಅಂತರದ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ, ಅಂದರೆ ಮರಕ್ಕೆ 18 ಲಕ್ಷ. ಗ್ರಾಂಗೆ 2 ಲಕ್ಷವಿದ್ದರೆ ಮರಕ್ಕೆ 9 ಗ್ರಾಂ. ಹಲವು ಪೊಟ್ಟಣಗಳು ಎಕರೆ ಲೆಕ್ಕವನ್ನಷ್ಟೇ ಕೊಡುತ್ತವೆ, ಒತ್ತಾಗಿ ನೆಟ್ಟ ತೋಟಕ್ಕೆ ಅದು ಸಾಲದು.

ಸಂಜೆ ನಾಲ್ಕರ ಮೇಲೆ ಬುಡದ ಸೊಪ್ಪು, ದರಕು ಸರಿಸಿ, ಒದ್ದೆ ಮಣ್ಣಿಗೆ ಮರಕ್ಕೆರಡು ಲೀಟರ್ ನೀರಿನಲ್ಲಿ ಕಲಕಿ ಹೊಯ್ಯಿರಿ, ಮತ್ತೆ ಸೊಪ್ಪು ಮುಚ್ಚಿ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಜಂತು ಸಾಯುತ್ತದೆ. ಜಂತು ತಳಕ್ಕಿಳಿಯುವುದರಿಂದ ಕೊಡ ಆಗಾಗ ಕಲಕುತ್ತಿರಬೇಕು. ಪಂಪಿನಲ್ಲಾದರೆ ಜರಡಿ ತೆಗೆಯಿರಿ. ಮೈಲುತುತ್ತದ ಮದ್ದು ಹೊಡೆದ ಪಂಪು ಬೇಡವೇ ಬೇಡ. ಬಿಸಿಯಾಡುವ ಹಸಿ ಸಗಣಿಗೊಬ್ಬರದ ಜೊತೆಗೂ ಬೇಡ, ಬಿಸಿ ಮತ್ತು ಅಮೋನಿಯಾ ಎರಡೂ ಮಾರಕ. ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತ ಸಾಲಿನಲ್ಲಿ ಜಂತುವಿಗೆ ಉಸಿರಾಡಲು ಗಾಳಿ ಸಿಗದು, ಮೊದಲು ಕಾಲುವೆ ಬಿಡಿಸಿ.

ಇನ್ನೊಂದು ಮುಖ್ಯ ಮಾತು. ಎಲೆ ಹಳದಿಯಾದ ಮರಕ್ಕೆಲ್ಲ ಇದು ಮದ್ದಲ್ಲ. ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬಗೆಯ ಸೂಕ್ಷ್ಮಾಣುವಿನಿಂದ ಬರುವುದು, ಅದಕ್ಕೂ ಜಂತುವಿಗೂ ಸಂಬಂಧವಿಲ್ಲ. ನಾಲ್ಕಾರು ಮರದ ಬುಡವನ್ನು ಒಂದಡಿ ಅಗೆದು, ಬಾಗಿ ಮಲಗಿದ ಬಿಳಿ ಹುಳ ಕಂಡರೆ ಮಾತ್ರ ದುಡ್ಡು ಹಾಕಿ. ಹಾಕಿದ ಹದಿನೈದು ಇಪ್ಪತ್ತು ದಿನಕ್ಕೆ ಅದೇ ಬುಡಗಳನ್ನು ಮತ್ತೆ ಅಗೆಯಿರಿ. ಕೆಂಪಾದ ಹುಳ ಸಿಕ್ಕರೆ ತೆಗೆಯದೆ ಅಲ್ಲೇ ಮಣ್ಣು ಮುಚ್ಚಿ. ಮುಂದಿನ ಪೀಳಿಗೆ ಅದರೊಳಗಿದೆ.