ಕಾಕ್‌ಪಿಟ್‌ಗೆ ಕಿವಿಯೊಳಗಿನ ಹೆಡ್‌ಸೆಟ್: ಫೋಮ್ ತುದಿಯದೋ, ಬ್ಯಾಟರಿಯದೋ?

ಪೈಲಟ್ ಹೆಡ್‌ಸೆಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ತೂಕ ಎಷ್ಟು ಗ್ರಾಂ ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ನೀವು ಕೂರುವ ವಿಮಾನ ಎಷ್ಟು ಗದ್ದಲ ಮಾಡುತ್ತದೆ ಅನ್ನೋದು ಮೊದಲನೆಯದು. ಜೆಟ್‌ನಲ್ಲಿ ಸ್ವರ್ಗ ಅನ್ನಿಸಿದ ಸೆಟ್ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ 172ರಲ್ಲಿ ತಲೆನೋವು ತರಬಹುದು. ನನಗೆ ಎರಡೂ ಕಡೆ ಕೂರುವ ಯೋಗ ಇದೆ. ಕೆಲಸ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರಡುವ ಏರ್‌ಬಸ್‌ನಲ್ಲಿ, ರಜೆ ಸಿಕ್ಕಾಗ ಮೈಸೂರಿನಲ್ಲಿ ಇನ್‌ಸ್ಟ್ರಕ್ಟರ್ ಆಗಿರುವ ಗೆಳತಿಯ ಜೊತೆ ಪುಟ್ಟ ಸೆಸ್ನಾದಲ್ಲಿ. ಹಾಗಾಗಿ ಎರಡು ಬಗೆಯ ಸೆಟ್‌ಗಳನ್ನೂ ಎರಡು ಬಗೆಯ ವಿಮಾನದಲ್ಲಿ ಹಾಕಿ ನೋಡಿದ್ದೇನೆ.

ದೊಡ್ಡ ಕಪ್ ಇರುವ ಹಳೇ ಸೆಟ್ ಯಾಕೆ ಬೇಡ ಅನ್ನಿಸಿತು ಅಂದರೆ, ಓಲೆಯ ತಿರುಪಿನಿಂದ. ಗಂಡಸರಿಗೆ ಇದು ಅರ್ಥವಾಗೋದು ಕಷ್ಟ. ಕಪ್ ಒತ್ತಿದಾಗ ಕಿವಿಯ ಹಿಂದಿನ ತಿರುಪು ಚರ್ಮಕ್ಕೆ ಚುಚ್ಚುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಕನ್ನಡಕ ಹಾಕುವವರಿಗೆ ಇನ್ನೊಂದು ಕಷ್ಟ: ಕಡ್ಡಿ ಕಪ್‌ನ ಅಡಿಯಲ್ಲಿ ಸಿಕ್ಕಿಕೊಂಡು ಕಪಾಲಕ್ಕೆ ಒತ್ತುತ್ತದೆ, ಕಡ್ಡಿ ಎತ್ತಿ ಹಿಡಿದ ಸಂದಿನಿಂದ ಸದ್ದೂ ಒಳಗೆ ನುಗ್ಗುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಲ್ಲಿ ನಿಂತಿದ್ದ ಸೆಸ್ನಾದೊಳಗೆ ಕೂತರೆ ಕಪ್ ಒಳಗಿನ ಬೆವರಿನ ಕಥೆ ಬೇರೆ. ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಹಳೇ ಮಾದರಿಗಳು ಅರ್ಧ ಕಿಲೋ ಆಸುಪಾಸು ತೂಗುತ್ತವೆ, ಬೋಸ್ ಎ20 ಸುಮಾರು 340 ಗ್ರಾಂ. ಗಟ್ಟಿಮುಟ್ಟು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಸೆಕ್ಟರ್, ಅಂದರೆ ಊರಿಂದ ಊರಿಗೆ ನಾಲ್ಕು ಹಾರಾಟ ಮುಗಿಸಿ ಇಳಿದಾಗ ಕುತ್ತಿಗೆಗೆ ಗೊತ್ತಾಗುತ್ತದೆ.

ಗದ್ದಲದ ಲೆಕ್ಕ ಒಮ್ಮೆ ನೋಡಿಬಿಡಿ. ಸೆಸ್ನಾ 172ರ ಒಳಗೆ ಸದ್ದು 90 ಡೆಸಿಬೆಲ್ ಆಸುಪಾಸು ಇರುತ್ತದೆ, ಟೇಕಾಫ್‌ನಲ್ಲಿ ಅದಕ್ಕೂ ಮೇಲೆ. ಜೆಟ್‌ನ ಕಾಕ್‌ಪಿಟ್‌ನಲ್ಲಿ ಇದಕ್ಕಿಂತ ಹತ್ತು ಹದಿನೈದು ಡೆಸಿಬೆಲ್ ಕಡಿಮೆ. ಕಿವಿಯ ಆರೋಗ್ಯದ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು, ಮುಂದೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 94ಕ್ಕೆ ಬಂದಾಗ ಒಂದೇ ಗಂಟೆ. ನಮ್ಮೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಕ್ಲಾಸ್ 1 ಮೆಡಿಕಲ್‌ಗೆ, ಅಂದರೆ ವೃತ್ತಿಪರ ಪೈಲಟ್‌ಗಳ ವೈದ್ಯಕೀಯ ತಪಾಸಣೆಗೆ ಹೋದವರಿಗೆಲ್ಲ ಆ ಸದ್ದಿಲ್ಲದ ಕೋಣೆ, ಕೈಯಲ್ಲೊಂದು ಗುಂಡಿ, ಕೀಂ ಅನ್ನುವ ಸಣ್ಣ ದನಿ ನೆನಪಿರುತ್ತದೆ. 500, 1000, 2000 ಹರ್ಟ್ಜ್‌ನಲ್ಲಿ 35 ಡೆಸಿಬೆಲ್‌ಗಿಂತ, 3000ದಲ್ಲಿ 50ಕ್ಕಿಂತ ಜಾಸ್ತಿ ಕೇಳುವ ಶಕ್ತಿ ಹೋಗಿರಬಾರದು ಅನ್ನೋದು ನಿಯಮ. ತಮಾಷೆ ಏನೆಂದರೆ, ಗದ್ದಲದಿಂದ ಕಿವಿ ಹಾಳಾಗುವಾಗ ಮೊದಲು ಪೆಟ್ಟು ಬೀಳೋದು 4000 ಹರ್ಟ್ಜ್ ಆಸುಪಾಸಿಗೆ. ನಿಯಮದ ಅಂಕಿಗಳು 3000ಕ್ಕೇ ನಿಲ್ಲುತ್ತವೆ. ಮೆಡಿಕಲ್ ಪಾಸಾದೆ, ಕಿವಿ ಚೆನ್ನಾಗಿದೆ ಅಂತ ನೆಮ್ಮದಿಯಾಗಿರುವವರು ಆ 4000ದ ಚುಕ್ಕೆ ಎಲ್ಲಿದೆ ಅಂತ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ನಕ್ಷೆ) ತೆಗೆದು ನೋಡಿ.

ಈಗ ಮೊದಲ ಬಗೆ: ಬ್ಯಾಟರಿ ಇಲ್ಲದ, ಫೋಮ್ ತುದಿಯದು. ಕ್ಲಾರಿಟಿ ಅಲಾಫ್ಟ್, ಕ್ವೈಟ್ ಟೆಕ್ನಾಲಜೀಸ್‌ನ ಹ್ಯಾಲೋ, ಇವೆಲ್ಲ ಈ ಜಾತಿ. ತಲೆಯ ಮೇಲೆ ಕೂರುವ ಭಾಗ 28 ಗ್ರಾಂಗಿಂತ ಕಡಿಮೆ ಅಂತಾರೆ. ನಿಜ, ಆದರೆ ಆ ಲೆಕ್ಕದಲ್ಲಿ ಕೇಬಲ್ ಇಲ್ಲ. ಕೇಬಲ್ಲಿನ ಭಾರ ಅಂಗಿಯ ಮೇಲೆ ಬೀಳುವಂತೆ ಕ್ಲಿಪ್ ಹಾಕದಿದ್ದರೆ ತಲೆ ತಿರುಗಿಸಿದಾಗಲೆಲ್ಲ ಒಂದು ಕಿವಿಯ ತುದಿ ಜಗ್ಗುತ್ತದೆ, ನಿಧಾನಕ್ಕೆ ಸಡಿಲವಾಗುತ್ತದೆ. ಕ್ಲಿಪ್ ಸರಿಯಾಗಿ ಹಾಕಿಕೊಂಡರೆ ತಲೆ ಮೇಲೆ ಏನೂ ಇಲ್ಲ ಅನ್ನಿಸುವುದು ಸುಳ್ಳಲ್ಲ. ಓಲೆ, ಕನ್ನಡಕ, ತುರುಬು ಯಾವುದಕ್ಕೂ ತಕರಾರಿಲ್ಲ.

ಇದರ ಎಲ್ಲ ಗುಣವೂ ಫೋಮ್ ಎಷ್ಟು ಆಳಕ್ಕೆ ಕೂತಿದೆ ಅನ್ನೋದರ ಮೇಲೆ ನಿಂತಿದೆ. ತುದಿಯನ್ನು ಬೆರಳಲ್ಲಿ ಹೊಸೆದು ಸಣ್ಣದು ಮಾಡಬೇಕು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು, ಆಗ ಒಳದಾರಿ ನೆಟ್ಟಗಾಗುತ್ತದೆ, ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿದರೆ ಫೋಮ್ ಉಬ್ಬಿ ಸುತ್ತಲೂ ಕಚ್ಚಿಕೊಳ್ಳುತ್ತದೆ. ಹೀಗೆ ಕೂತರೆ ಸಾಧಾರಣ ಇಯರ್‌ಪ್ಲಗ್ ತಡೆಯುವಷ್ಟು, ಅಂದರೆ 30 ಡೆಸಿಬೆಲ್ ಆಸುಪಾಸಿನ ಸದ್ದು ಕಡಿಮೆಯಾಗುತ್ತದೆ. ಸುಮ್ನೆ ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡರೆ ಅದರ ಅರ್ಧವೂ ಇಲ್ಲ. "ನನಗೆ ಇನ್-ಇಯರ್ ಆಗಿ ಬರಲ್ಲ" ಅನ್ನುವವರಲ್ಲಿ ಬಹಳ ಜನ ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟುಕೊಂಡವರೇ.

ತೊಂದರೆಗಳೂ ಇಲ್ಲೇ ಶುರು. ಪ್ರೀಫ್ಲೈಟ್‌ನಲ್ಲಿ, ಅಂದರೆ ಹಾರುವ ಮುಂಚಿನ ತಪಾಸಣೆಯಲ್ಲಿ, ಆಯಿಲ್ ಡಿಪ್‌ಸ್ಟಿಕ್ ಎಳೆದು, ಇಂಧನದ ಸ್ಯಾಂಪಲ್ ತೆಗೆದು ಬಂದ ಕೈಯಲ್ಲೇ ಫೋಮ್ ಹೊಸೆಯುತ್ತೇವೆ, ಆಮೇಲೆ ಅದು ಕಿವಿಯೊಳಗೆ. ಚೀಲದಲ್ಲಿ ಒದ್ದೆ ಟಿಶ್ಯೂ ಇರಲೇಬೇಕು. ಇನ್ನೊಂದು, ಹಾರುತ್ತಿರುವಾಗ ತುದಿ ಸಡಿಲವಾದರೆ ಸರಿಯಾಗಿ ಕೂರಿಸಲು ಎರಡೂ ಕೈ ಬೇಕು. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಪರವಾಗಿಲ್ಲ, ಒಬ್ಬರೇ ಹಾರುವ ವಿದ್ಯಾರ್ಥಿ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ಇಳಿಯುವ ಕೊನೆಯ ಹಂತದಲ್ಲಿ, ಇದನ್ನು ಮಾಡುವ ಹಾಗಿಲ್ಲ. ಸೋಲೋ ಹಂತದಲ್ಲಿರುವವರಿಗೆ ಅದಕ್ಕೇ ನಾನು ದೊಡ್ಡ ಕಪ್ಪಿನದನ್ನೇ ಹಾಕಿಕೊಳ್ಳಿ ಅನ್ನುತ್ತೇನೆ. ಕೈ ತಾಗಿಸಿ ಸರಿಮಾಡಿಕೊಂಡರೆ ಮುಗಿಯಿತು.

ಮತ್ತೆ ನಿಮ್ಮದೇ ದನಿ. ಕಿವಿ ಮುಚ್ಚಿಕೊಂಡಾಗ ನಮ್ಮ ಮಾತು ತಲೆಬುರುಡೆಯ ಮೂಲಕ ಒಳಗೇ ಗುಂಯ್‌ಗುಟ್ಟುತ್ತದೆ, ಮಡಕೆಯೊಳಗೆ ಮುಖ ಇಟ್ಟು ಮಾತಾಡಿದ ಹಾಗೆ. ಚೂಯಿಂಗ್ ಗಮ್ ಅಗಿದರಂತೂ ಇಡೀ ಕಾಕ್‌ಪಿಟ್ ನಡುಗಿದಂತೆ. ಹೊಸಬರು ಇದಕ್ಕೆ ಹೆದರಿ ತುದಿಯನ್ನು ಸ್ವಲ್ಪ ಹೊರಗೆಳೆಯುತ್ತಾರೆ, ಆಗ ಗುಂಯ್ ಇನ್ನೂ ಜಾಸ್ತಿಯಾಗುತ್ತದೆ. ಆಳಕ್ಕೆ ಇಳಿಸಿದಷ್ಟೂ ಅದು ಕಡಿಮೆ.

ಎರಡನೇ ಬಗೆ ಎಎನ್‌ಆರ್, ಅಂದರೆ ಸದ್ದಿಗೆ ಎದುರು ಸದ್ದು ಹುಟ್ಟಿಸಿ ಅಳಿಸುವುದು. ಕಿವಿಯೊಳಗಿನ ಸೆಟ್‌ಗಳಲ್ಲಿ ಇದಕ್ಕೆ ಹೆಸರುವಾಸಿ ಬೋಸ್ ಪ್ರೋಫ್ಲೈಟ್. 2018ರಲ್ಲಿ ಬಂತು, ಆಮೇಲೆ ಸೀರೀಸ್ 2 ಬಂತು, ಅದರ ತೂಕ ಸುಮಾರು 128 ಗ್ರಾಂ. ತಲೆಯ ಮೇಲೊಂದು ತೆಳು ಪಟ್ಟಿ, ಕಿವಿಗೆ ಮೂರು ಅಳತೆಯ ಸಿಲಿಕಾನ್ ತುದಿ, ಸದ್ದು ಅಳಿಸಲು ಮೂರು ಹಂತ, ಎರಡು ಎಎ ಬ್ಯಾಟರಿ. ಗ್ರಾಂ ಲೆಕ್ಕದಲ್ಲಿ ಫೋಮಿನದಕ್ಕಿಂತ ನಾಲ್ಕು ಪಟ್ಟು ಭಾರ, ಆದರೂ ಜೆಟ್‌ನಲ್ಲಿ ನನಗೆ ಇದೇ ಹಾಯಾಗಿರೋದು. ಸಿಲಿಕಾನ್ ತುದಿ ಕಿವಿಯ ಬಾಯಲ್ಲೇ ಕೂರುತ್ತದೆ, ಹೊಸೆಯೋದು ತೂರಿಸೋದು ಏನಿಲ್ಲ. ಪಕ್ಕದ ಕ್ಯಾಪ್ಟನ್ ಏನೋ ಹೇಳಿದರೆ, ಕಾಫಿ ಬೇಕಾ ಅಂತ ಕ್ಯಾಬಿನ್ ಸಿಬ್ಬಂದಿ ಕೇಳಿದರೆ ಕಿವಿಯ ಮೇಲೆ ಎರಡು ಸಲ ತಟ್ಟಿದರೆ ಹೊರಗಿನ ಮಾತು ಒಳಗೆ ಬರುತ್ತದೆ. ಫೋಮಿನದರಲ್ಲಿ ಅಂಥ ಮಾತಿಗೆಲ್ಲ ಒಂದು ಕಿವಿ ಕೀಳಬೇಕು, ಮತ್ತೆ ಹೊಸೆದು ಹಾಕಬೇಕು. ಇಬ್ಬರು ಕೂತು ಕೆಲಸ ಮಾಡುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಬ್ಯಾಟರಿ ಸತ್ತರೆ ಸದ್ದು ಅಳಿಸುವ ಕೆಲಸ ಮಾತ್ರ ನಿಲ್ಲುತ್ತದೆ, ರೇಡಿಯೋ ಕೇಳಿಸುತ್ತಲೇ ಇರುತ್ತದೆ. ವಿಮಾನಕ್ಕೆಂದೇ ಮಾಡಿದ ಯಾವ ಒಳ್ಳೇ ಎಎನ್‌ಆರ್ ಸೆಟ್‌ನಲ್ಲೂ ಇಷ್ಟು ಇರಬೇಕು.

ಹಾಗಾದರೆ ಇದನ್ನೇ ಸೆಸ್ನಾಕ್ಕೂ ಒಯ್ಯಬಹುದಲ್ಲ? ಕಿವಿಯೊಳಗಿನ ಎಎನ್‌ಆರ್ ಸೆಟ್ ಒಂದನ್ನು ಎರವಲು ತಂದು ಮೈಸೂರಲ್ಲಿ ಹಾಕಿ ನೋಡಿದೆ. ಪೂರ್ತಿ ಪವರ್ ಕೊಟ್ಟ ತಕ್ಷಣ ಎಂಜಿನ್ ಸದ್ದು ಒಳಗೇ ಬಂತು. ನಾನು ವಾಲ್ಯೂಮ್ ಏರಿಸಿದೆ, ಆಮೇಲೆ ಇನ್ನೂ ಏರಿಸಿದೆ. ಗೆಳತಿ ಇಂಟರ್‌ಕಾಮ್‌ನಲ್ಲಿ "ಏನೇ, ಟವರ್‌ನವರು ಕರೀತಿದಾರೆ, ಕೇಳಿಸ್ತಿಲ್ವಾ?" ಅಂದಳು. ಕೇಳಿಸಿತ್ತು, ಅರ್ಥವಾಗಿರಲಿಲ್ಲ. ಸೆಟ್ ಕೆಟ್ಟಿರಲಿಲ್ಲ. ಈ ಬಗೆಯವು ಗದ್ದಲ ಕಡಿಮೆ ಇರುವ ಜೆಟ್ ಕಾಕ್‌ಪಿಟ್‌ಗೆಂದೇ ಮಾಡಿದವು. ಎಎನ್‌ಆರ್ ತಗ್ಗಿನ ಗುಡುಗನ್ನು ಚೆನ್ನಾಗಿ ಅಳಿಸುತ್ತದೆ, ಕೀಚು ಸದ್ದಿಗೆ ಅದರ ಕೈ ಅಷ್ಟು ಓಡುವುದಿಲ್ಲ, ಅದಕ್ಕೆ ಬೇಕಾದ್ದು ಗಟ್ಟಿ ಮುಚ್ಚಳ. ದೊಡ್ಡ ಎಎನ್‌ಆರ್ ಸೆಟ್‌ಗಳಲ್ಲಿ ಕಪ್ ಆ ಕೆಲಸ ಮಾಡುತ್ತದೆ. ಕಿವಿಯ ಬಾಯಲ್ಲಿ ಹಗುರಾಗಿ ಕೂತ ಸಿಲಿಕಾನ್ ಮಾಡೋದು ಕಷ್ಟ. ರೇಡಿಯೋ ವಾಲ್ಯೂಮ್ ಏರಿಸಿ ಗದ್ದಲ ಗೆದ್ದರೆ ಕಿವಿಗೆ ಉಳಿತಾಯ ಏನೂ ಇಲ್ಲ, ಅಲ್ವಾ?

ಮೈಕ್ ವಿಷಯದಲ್ಲಿ ಎರಡೂ ಬಗೆಗೆ ಒಂದೇ ಮಾತು: ತುಟಿಗೆ ತಾಗಿಯೂ ತಾಗದಂತಿರಬೇಕು, ಬಾಯಿಯ ಮೂಲೆಯಲ್ಲಿ. ಗದ್ದಲ ತಡೆಯುವ ಮೈಕ್ ಒಂದು ಬೆರಳು ದೂರ ಹೋದರೂ ನಿಮ್ಮ ಮಾತಿಗಿಂತ ಎಂಜಿನ್ ಜಾಸ್ತಿ ಕೇಳಿಸುತ್ತದೆ. ಹಗುರ ಸೆಟ್‌ಗಳ ಮೈಕ್ ಕಡ್ಡಿ ತೆಳ್ಳಗಿರುವುದರಿಂದ ಕೈ ತಗುಲಿ ಜಾಗ ಬಿಡೋದು ಜಾಸ್ತಿ. ಟವರ್‌ನವರು ಪದೇ ಪದೇ ಮತ್ತೆ ಹೇಳಿ ಅಂದರೆ ಮೊದಲು ಮೈಕ್ ಮುಟ್ಟಿ ನೋಡಿ.

ಇಳಿಯುವಾಗ ಒಂದು ಎಚ್ಚರ. ಗಾಳಿಯೊತ್ತಡ ಏರಿದಂತೆ ಬಿಗಿಯಾಗಿ ಮುಚ್ಚಿದ ತುದಿ ಒಳಕ್ಕೆ ಎಳೆದಂತಾಗುತ್ತದೆ. ಫೋಮ್ ನಿಧಾನಕ್ಕೆ ಗಾಳಿ ಬಿಡುತ್ತದೆ, ಹೀಗಾಗಿ ಅಷ್ಟು ಗೊತ್ತಾಗುವುದಿಲ್ಲ. ತೀರಾ ಬಿಗಿ ಅನ್ನಿಸಿದರೆ ಇಳಿಯಲು ಶುರು ಮಾಡುವ ಮೊದಲೇ ಒಮ್ಮೆ ಸಡಿಲಿಸಿ ಕೂರಿಸಿ. ಗುಗ್ಗೆ ಜಾಸ್ತಿ ಇರುವವರಿಗೆ ಕಿವಿಯೊಳಗಿನ ಯಾವ ಸೆಟ್ಟೂ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಹತ್ತಿಕಡ್ಡಿ ಹಾಕಬೇಡಿ, ಇಎನ್‌ಟಿ ಡಾಕ್ಟರ್ ಹತ್ತಿರ ತೆಗೆಸಿ. ಎಡಬಲ ಕಿವಿಗೆ ಬೇರೆ ಬೇರೆ ಅಳತೆಯ ತುದಿ ಬೇಕಾಗಬಹುದು, ನನ್ನ ಬಲಗಿವಿಗೆ ಸಣ್ಣದು, ಎಡಕ್ಕೆ ನಡುವಿನದು. ಹೆಂಗಸರಲ್ಲಿ ಬಹಳ ಜನಕ್ಕೆ ಸಣ್ಣ ತುದಿಯೇ ಸರಿಹೋಗುತ್ತದೆ. ಆದ್ದರಿಂದ ಗೆಳೆಯರ ಸೆಟ್ ಕಿವಿಗಿಟ್ಟು ನೋವಾಯಿತು ಅಂತ ಆ ಮಾದರಿಯನ್ನೇ ಬಿಡಬೇಡಿ. ಹಾಗೇ ಇನ್ನೊಬ್ಬರ ತುದಿಯನ್ನು ನಿಮ್ಮ ಕಿವಿಗೆ ಹಾಕಲೂ ಬೇಡಿ, ಹೊಸ ತುದಿ ಸಿಕ್ಕಿಸಿಯೇ ನೋಡಿ.

ಸಾಮಾನ್ಯ ಹಾಡು ಕೇಳುವ ಹೆಡ್‌ಫೋನ್‌ಗೆ ಮೈಕ್ ಸಿಕ್ಕಿಸಿ ಬಳಸುವ ಮೂರನೇ ದಾರಿಯೂ ಇದೆ. ಅಗ್ಗ, ಆರಾಮ. ಆದರೆ ಏರ್‌ಲೈನ್‌ಗಳು ಸಾಮಾನ್ಯವಾಗಿ ಟಿಎಸ್‌ಒ-ಸಿ139 ಮುದ್ರೆ (ವಿಮಾನದ ಆಡಿಯೋ ಸಾಧನಗಳಿಗೆ ಅಮೆರಿಕದ ವಿಮಾನಯಾನ ಇಲಾಖೆಯ ಮಾನದಂಡ) ಕೇಳುತ್ತವೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಿವಿಯ ಮೇಲೆ ಕೂರುವ ಸಣ್ಣ ದಿಂಬಿನವು ಹಗುರ ಹೌದು, ತಿರುಪಿನ ಸಮಸ್ಯೆ ಅಲ್ಲಿ ಇನ್ನೂ ಕೆಟ್ಟದಾಗಿದೆ.

ದುಡ್ಡು ಹಾಕುವ ಮೊದಲು ಪ್ಲಗ್ ನೋಡಿ. ಸೆಸ್ನಾದಂಥವಕ್ಕೆ ಎರಡು ಪಿನ್, ಒಂದು ದಪ್ಪ ಒಂದು ಸಣ್ಣ. ಏರ್‌ಬಸ್‌ನಲ್ಲಿ 5 ಪಿನ್ನಿನ ಎಕ್ಸ್‌ಎಲ್‌ಆರ್ ಅನ್ನುವ ದುಂಡನೆ ಪ್ಲಗ್ ಸಾಮಾನ್ಯ. ಹೆಲಿಕಾಪ್ಟರಿನದು ಒಂದೇ ದಪ್ಪ ಪಿನ್. ಅಡಾಪ್ಟರ್ ಸಿಗುತ್ತದೆ, ಆದರೆ ಅದರ ಭಾರವೂ ಕೇಬಲ್ಲಿಗೇ ಸೇರುತ್ತದೆ. ಬೆಲೆಯಲ್ಲಿ ಪ್ರೋಫ್ಲೈಟ್ ಸಾವಿರ ಡಾಲರ್ ಆಸುಪಾಸು, ಫೋಮಿನವು ಅದರ ಅರ್ಧದ ಹತ್ತಿರ, ಕೆಲವು ಇನ್ನೂ ಕಡಿಮೆ. ಕಸ್ಟಮ್ಸ್ ಸುಂಕ ಸೇರಿದರೆ ಬೆಂಗಳೂರಿಗೆ ಬರುವಾಗ ಅಂಕಿ ಬೇರೆಯೇ ಆಗಿರುತ್ತದೆ, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ. ಫೋಮ್ ತುದಿ ಮುಗಿದುಹೋಗುವ ಸಾಮಾನು. ಸೆಟ್ ಜೊತೆಗೇ ಒಂದಿಷ್ಟು ತರಿಸಿಟ್ಟುಕೊಳ್ಳಿ, ಆಮೇಲೆ ಅದಕ್ಕೊಂದಕ್ಕೇ ಕೊರಿಯರ್ ದುಡ್ಡು ಕೊಡುವಾಗ ಹೊಟ್ಟೆ ಉರಿಯುತ್ತದೆ.

ನನ್ನ ಚೀಲದಲ್ಲಿ ಈಗ ಎರಡೂ ಇವೆ. ಒಂದನ್ನೇ ಇಟ್ಟುಕೋ ಅಂದರೆ ಫೋಮಿನದನ್ನು ಇಟ್ಟುಕೊಳ್ಳುತ್ತೇನೆ. ಜೆಟ್‌ನಲ್ಲಿ ಅದು ಸ್ವಲ್ಪ ಕಿರಿಕಿರಿ, ಅಷ್ಟೇ. ಸೆಸ್ನಾದಲ್ಲಿ ಇನ್ನೊಂದು ಕೆಲಸಕ್ಕೇ ಬರುವುದಿಲ್ಲ. ಬರೀ ಏರ್‌ಲೈನ್‌ನಲ್ಲೇ ಹಾರುವವರು, ದುಡ್ಡೂ ಇದೆ ಅನ್ನುವವರು ಕಣ್ಣು ಮುಚ್ಚಿ ಎಎನ್‌ಆರ್ ತಗೊಳ್ಳಿ. ಟರ್ಬೊಪ್ರಾಪ್‌ನವರು, ಅಂದರೆ ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗುವ ವಿಮಾನದವರು ಮಾತ್ರ ಯಾರದ್ದಾದರೂ ಸೆಟ್ ಎರವಲು ತಂದು ಒಂದು ಪೂರ್ತಿ ಸೆಕ್ಟರ್ ಹಾರಿ ನೋಡಿ ನಿರ್ಧಾರ ಮಾಡಿ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡರೆ ಎಲ್ಲವೂ ಹಾಯಾಗೇ ಇರುತ್ತವೆ.